ದೋಣಿಗೆ ಮಾತ್ರ ಹೋಗಬೇಡಿ

ನಮ್ಮ ಸೋದರತ್ತೆ ಕಡಲ ದಂಡೆಯ ಒಂದು ಬಾಡಿಗೆ ಮನೆ ನೋಡಿಕೊಳ್ಳುತ್ತಿದ್ದಳು. ಯಜಮಾನರು ಇರುವುದು ಎಲ್ಲೋ ದೂರದಲ್ಲಿ. ರಜೆಗೆ ಬಂದವರಿಗೆ ಬಾಗಿಲು ತೆಗೆಯುವುದು, ಹಾಸಿಗೆ ಹಾಸುವುದು, ಅವರು ಕಾಲಲ್ಲಿ ಹೊತ್ತು ತಂದ ಮರಳನ್ನು ಗುಡಿಸಿ ಕಡಲಿಗೇ ವಾಪಸ್ಸು ಒಪ್ಪಿಸುವುದು ಅತ್ತೆಯ ಕೆಲಸ. ಅತಿಥಿಗಳಿಗೆಲ್ಲ ಅವಳು ‘ಕೀಲಿ ಅಕ್ಕ’. ನಲವತ್ತು ದಾಟಿ ಎಷ್ಟೋ ಕಾಲವಾಗಿತ್ತು, ಮದುವೆ ಆಗಿರಲಿಲ್ಲ. ಯಾಕೆ ಅಂತ ಯಾರಾದರೂ ಕೆದಕಿದರೆ, “ಕೇಳ್ಕೊಂಡು ಬಂದವರಲ್ಲಿ ಒಬ್ಬನಿಗೂ ಬೆಡ್‌ಶೀಟ್ ಮಡಚೋಕೆ ಬರ್ತಿರಲಿಲ್ಲ” ಎಂದು ನಕ್ಕುಬಿಡುತ್ತಿದ್ದಳು.

ಅವಳಿಗೆ ನಿಜವಾಗಿ ಖುಷಿ ಕೊಡುತ್ತಿದ್ದದ್ದು ಬಂದವರಿಗೆ ಊರಿನ ಬಗ್ಗೆ ಹೇಳುವುದು. ಅವರು ಚೀಲ ಕೆಳಗಿಡುವ ಮೊದಲೇ ವರಾಂಡದಲ್ಲಿ ನಿಂತು ಶುರು ಮಾಡುತ್ತಿದ್ದಳು.

“ಊಟಕ್ಕೆ ಬಂದರಿನ ಮೂಲೆ ಹೋಟೆಲು. ಹುರಿದ ಮೀನು ಕಣ್ಣುಮುಚ್ಚಿ ತಿನ್ನಿ, ಕಾಫಿ ಮಾತ್ರ ಮುಟ್ಬೇಡಿ, ಅದು ಪಾತ್ರೆ ತೊಳೆದ ನೀರು. ಈಜೋದಾದ್ರೆ ಬಂಡೆಗಳಿಂದ ಈಚೆಗೆ. ದೀಪಸ್ತಂಭ ಹತ್ತಿ, ಆದ್ರೆ ಊಟಕ್ಕೆ ಮುಂಚೆ ಹತ್ತಿ. ಹೊಟ್ಟೆ ತುಂಬ ಮೀನು ತಿಂದು ಹತ್ತಿದ್ರೆ ನಿಮ್ಮನ್ನ ಹೊತ್ತು ಇಳಿಸೋರು ಯಾರು? ಸೂರ್ಯ ಮುಳುಗೋದು ನೋಡೋಕೆ ಎಲ್ಲಿಗೂ ಹೋಗೋದು ಬೇಡ, ಈ ಮೆಟ್ಟಿಲ ಮೇಲೇ ಕೂತ್ಕೊಳ್ಳಿ, ಪುಕ್ಕಟೆ. ದೋಣಿಗೆ ಮಾತ್ರ ಹೋಗ್ಬೇಡಿ.”

“ದೋಣಿ ಯಾಕಕ್ಕ ಬೇಡ?”

“ಅದನ್ನ ನಡೆಸೋರ ಬಾಯಿಗೆ ಬೀಗ ಇಲ್ಲ. ಅವರ ಮಾತು ಕೇಳಿ ಕೇಳಿ ಮೀನುಗಳೇ ಊರು ಬಿಟ್ಟಿವೆಯಂತೆ.”

ಉಳಿದದ್ದೆಲ್ಲ ಅತ್ತೆ ತಾನೇ ತಿಂದು, ಹತ್ತಿ, ಮುಳುಗಿ ನೋಡಿ ಹೇಳುತ್ತಿದ್ದ ಮಾತು. ದೋಣಿಯ ವಿಷಯ ಹಾಗಲ್ಲ. ಅಲೆಗೆ ಹೊಟ್ಟೆ ತೊಳಸಿಕೊಂಡು ಬಂದ ಒಬ್ಬ ಹೆಂಗಸು ಸಿಟ್ಟಿನಲ್ಲಿ ಅಂದದ್ದನ್ನು ಇವಳು ವೇದವಾಕ್ಯ ಮಾಡಿಕೊಂಡಿದ್ದಳು. ತೂಗುವ ದೋಣಿ ಹತ್ತುವುದಿರಲಿ, ಅತ್ತೆಗೆ ಉಯ್ಯಾಲೆ ಕಂಡರೂ ಭಯ.

ದೋಣಿಯವರನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಹಿಂದೆ ದೊಡ್ಡ ಹಡಗೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವರು, ಹೊಸದಾಗಿ ಬಂದು ಪುಟ್ಟ ದೋಣಿ ಇಟ್ಟಿದ್ದರು. ಹಿಂದಿಲ್ಲ ಮುಂದಿಲ್ಲ, ಒಂಟಿ ಜೀವ. ನಮ್ಮತ್ತೆಯ ಮನೆಯ ಅತಿಥಿಗಳು ಒಬ್ಬರೂ ತಮ್ಮ ಕಡೆ ಸುಳಿಯದ್ದು ಕಂಡು, ಅಲ್ಲಿ ಇಳಿದುಕೊಂಡು ಹೋಟೆಲಿನಲ್ಲಿ ಮೀನು ತಿನ್ನುತ್ತಿದ್ದ ಹೊಸ ಜೋಡಿಯೊಂದನ್ನು ಹಿಡಿದು ಬಾಯಿ ಬಿಡಿಸಿದರು. ಸಂಜೆ ಆ ಜೋಡಿಯ ಹುಡುಗಿ ಮನೆಗೆ ಓಡುತ್ತ ಬಂದಳು.

“ಕೀಲಿ ಅಕ್ಕ, ಕ್ಯಾಪ್ಟನ್ ಹೇಳಿ ಕಳಿಸಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!”

ಅತ್ತೆಯ ಕೈಯಲ್ಲಿದ್ದ ದಿಂಬು ಅರ್ಧ ಕವರಿನೊಳಗೇ ನಿಂತುಬಿಟ್ಟಿತು. “ಹಾಗಂದ್ರಾ? ನೆಲ ಆದ್ರೆ ತುಳಿದು ನೋಡಬಹುದು, ನೀರು ತುಳಿಯೋಕಾಗುತ್ತಾ ಅಂತ ಕೇಳಮ್ಮ ಅವರನ್ನ!”

ಶುರುವಾಯಿತು ನೋಡಿ. ಅತಿಥಿಗಳು ಬದಲಾದರು, ಜಗಳ ಬದಲಾಗಲಿಲ್ಲ. ಹೊರಡುವವರು ಹೊಸದಾಗಿ ಬರುವವರಿಗೆ ಗೇಟಿನ ಹತ್ತಿರವೇ, ಜಗಳ ಎಲ್ಲಿಯವರೆಗೆ ಬಂದಿದೆ ಅಂತ ಕಥೆ ಒಪ್ಪಿಸಿ ಹೋಗುವ ಮಟ್ಟಕ್ಕೆ ಬೆಳೆಯಿತು. ಆಮೇಲೆ ನಿವೃತ್ತ ನರ್ಸುಗಳು ಮೂವರು ಬಂದರು. ಅವರಂತೂ ಸಮುದ್ರವನ್ನೇ ಮರೆತು ಈ ದೂತರ ಕೆಲಸಕ್ಕೆ ಟೊಂಕ ಕಟ್ಟಿದರು.

ಈ ಜಗಳದ ಒಳಗುಟ್ಟನ್ನು ಮೊದಲು ಪತ್ತೆ ಹಚ್ಚಿದ್ದು ನಮ್ಮಮ್ಮ. ಅತ್ತೆ ಬೆಡ್‌ಶೀಟು ಒಣಹಾಕುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಚಹಾಕ್ಕೆ ಉಪ್ಪು ಹಾಕಿದಳು.

“ಏನೇ, ನಿನ್ನ ಮುಖ ನೋಡಿದ್ರೆ ಮನೇಲಿ ಬಲ್ಬೇ ಬೇಡವಲ್ಲೇ!” ಅಂದಳು ಅಮ್ಮ.

“ಸುಮ್ನಿರಿ ಅತ್ತಿಗೆ, ಬಿಸಿಲಿಗೆ ಹಾಗೆ ಕಾಣುತ್ತೆ.”

“ಬಿಸಿಲಿಗೆ ಮುಖ ಕಪ್ಪಾಗೋದು ಕೇಳಿದ್ದೆ.”

ಮಾರನೆಯ ದಿನ ನರ್ಸುಗಳು ಕೊನೆಯ ಸವಾಲು ತಂದರು. ಕೀಲಿ ಅಕ್ಕ ಒಂದು ಸಲ ದೋಣಿ ಹತ್ತಬೇಕು. ಕ್ಯಾಪ್ಟನ್ ತುಟಿ ಬಿಚ್ಚುವುದಿಲ್ಲ. ಬಿಚ್ಚಿದರೆ ದೋಣಿ ಅವಳಿಗೇ.

ಅತ್ತೆ ಹೋದಳು. ಜೊತೆಗೆ ಅಮ್ಮ, ನಾನು, ಮೂವರು ನರ್ಸುಗಳು. ದೋಣಿ ನಿಲ್ಲುವ ಕಟ್ಟೆಯ ತುದಿಗೆ ಬಂದವಳು ಎರಡು ಹೆಜ್ಜೆ ಹಿಂದಕ್ಕೆ ಇಟ್ಟಳು. ಕ್ಯಾಪ್ಟನ್ ಸದ್ದಿಲ್ಲದೆ ಕೈ ನೀಡಿದರು, ಅವಳು ಹಿಡಿದುಕೊಂಡಳು, ದೋಣಿ ಹೊರಟಿತು. ಪಾಪ, ಮಾತು ತಡೆದು ಅವರ ಕೆನ್ನೆ ಪೂರಿಯ ಹಾಗೆ ಉಬ್ಬಿತ್ತು. ಹಕ್ಕಿ ಬಂದರೆ ಕೈ ಬೀಸಿ ತೋರಿಸುತ್ತಿದ್ದರು, ಬಂಡೆ ಬಂದರೆ ಗದ್ದ ಎತ್ತಿ ತೋರಿಸುತ್ತಿದ್ದರು. ಅಷ್ಟರಲ್ಲಿ ದೊಡ್ಡ ಅಲೆಯೊಂದು ನಮ್ಮನ್ನು ಎತ್ತಿ ಕೆಳಗೆ ಬಿಟ್ಟಿತು. ಅತ್ತೆ ಕಿರುಚುತ್ತಾಳೆ ಅಂದುಕೊಂಡೆ. ಬಂದದ್ದು ನಗು. ಮತ್ತೊಂದು ಅಲೆ, ಮತ್ತಷ್ಟು ನಗು. ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಹತ್ತಿತು, ಅದನ್ನು ಕಂಡು ನರ್ಸುಗಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

“ಆ ಬಂಡೆಗೆ ಅದೇನ್ರೀ ತೂತು?” ಅತ್ತೆ ಕೇಳಿದಳು.

ಕ್ಯಾಪ್ಟನ್ ತುಟಿ ಮೇಲೆ ಬೆರಳಿಟ್ಟರು.

“ಅಯ್ಯೋ, ನಾನೇ ಕೇಳ್ತಿದ್ದೀನಲ್ಲ! ಹೇಳ್ರೀ!”

“ದೋಣಿ ಹೋದ್ರೆ ಹೋಗ್ಲಿ!” ಎಂದರು ಕ್ಯಾಪ್ಟನ್. ಮಾತಿನ ಕಟ್ಟೆ ಒಡೆಯಿತು. ಬಂಡೆಯ ಕಥೆ, ಹಡಗಿನ ಕಥೆ, ತಳ ಹಿಡಿದ ಅನ್ನವನ್ನು ನಾವಿಕರೆಲ್ಲ ಹೊಗಳಿ ತಿಂದ ಕಥೆ. ಅತ್ತೆ ಬಾಯಿ ಬಿಟ್ಟುಕೊಂಡು ಕೇಳಿದಳು. ದಡ ಬಂದದ್ದೇ ತಿಳಿಯಲಿಲ್ಲ.

ಹಗ್ಗ ಕಟ್ಟುತ್ತ ಕ್ಯಾಪ್ಟನ್ ತಲೆ ಎತ್ತದೆ ಹೇಳಿದರು, “ದೋಣಿ ನಿಮ್ಮದಾಯ್ತು. ನಡೆಸೋಕೆ ಒಬ್ಬ ಬೇಕಲ್ಲ, ನನ್ನನ್ನೂ ಇಟ್ಕೊಳ್ತೀರಾ?”

ಊರಿಗೆಲ್ಲ ದಾರಿ ಹೇಳುವ ಅತ್ತೆ ಅಮ್ಮನ ಕಡೆ ತಿರುಗಿದಳು. ಅಮ್ಮನೇ ಸೊಂಟಕ್ಕೆ ಕೈಯಿಟ್ಟು, “ಇಟ್ಕೊಳ್ಳೋದು ಗಿಟ್ಕೊಳ್ಳೋದು ನಮ್ಮನೇಲಿಲ್ಲ ಸ್ವಾಮಿ! ನೆಟ್ಟಗೆ ಮದುವೆ ಮಾಡ್ಕೊಳ್ಳಿ” ಅಂದಳು. ಅತ್ತೆ ಕೆಂಪಗಾಗಿ, ಬಿಕ್ಕಳಿಸುತ್ತಲೇ ಹೂಂ ಅಂದಳು.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ. ಗಂಡಿನ ಕಡೆಯಿಂದ ಯಾರೂ ಇಲ್ಲವಲ್ಲ ಎಂದು ಕ್ಯಾಪ್ಟನ್ ಮುಖ ಸಪ್ಪಗಿತ್ತು. ಆಗ ನರ್ಸುಗಳು ಬಸ್ಸಿಳಿದರು. ಅವರ ಹಿಂದೆಯೇ ಆ ವಾರದ ಮಟ್ಟಿಗೆ ಬಾಡಿಗೆ ಮನೆಗೆ ಬಂದಿದ್ದ ಸಂಸಾರ ಪೂರ್ತಿ ಬಂತು. ರಜೆಗೆಂದು ಹೊರಟ ಆ ಸಂಸಾರದ ಯಜಮಾನರ ಬಳಿ ಇದ್ದದ್ದು ಚಡ್ಡಿಗಳು ಮಾತ್ರ. ಅದರಲ್ಲೇ ಒಂದನ್ನು ಇಸ್ತ್ರಿ ಮಾಡಿ ತೊಟ್ಟು, ಗಂಡಿನ ಪಕ್ಕ ಎದೆಯುಬ್ಬಿಸಿ ನಿಂತರು.

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. “ನೀವು ಗಂಡಿಗೆ ಏನಾಗಬೇಕು?”

“ಸಂಬಂಧಿಕರು, ಸಾರ್. ಭಾನುವಾರದವರೆಗೆ.”

ಗುಮಾಸ್ತರೇ ಮೊದಲು ನಕ್ಕರು. ಅತ್ತೆಗೆ ನಗು ತಡೆಯಲಾಗದೆ, ರುಜು ಹಾಕುತ್ತಿದ್ದ ಪೆನ್ನು ಗೆರೆ ದಾಟಿ ಮೇಜಿನ ಮೇಲೂ ಹರಿಯಿತು. ಅವಳಿಂದ ಇನ್ನೊಂದು ಸಲ ರುಜು ಹಾಕಿಸಿಕೊಳ್ಳಬೇಕಾಯಿತು.