ಸವಣೂರಿನ ಕ್ಯಾಂಪಿಗೆ ಟೆಂಪೊ ಒಯ್ದದ್ದು

ಗಾಜಿನ ಮೇಲೆ ನೀರು ಚಿಮ್ಮದೆ ಹೋದದ್ದಕ್ಕೆ ಕಾರಣ ನಾನು. ಹೆಸರು ಕೆಟ್ಟದ್ದು ನಮ್ಮ ಡ್ರೈವರ್ ಫಕ್ಕೀರಪ್ಪನದು. ನಡೆದದ್ದು ಇಷ್ಟೇ. ಎರಡು ದಿನದ ದಾರಿಯಲ್ಲಿ ಅದು ಹೇಗೆ ನಡೆಯಿತು ಎಂಬುದನ್ನು ಬರೆಯುತ್ತೇನೆ.

ನಮ್ಮೂರು ಹಿರೇಕೆರೂರು. ಮನೆಯವರು ತೀರಿಕೊಂಡು ನಾಲ್ಕು ವರ್ಷವಾಯಿತು. ಅವರು ಕೊಂಡಿದ್ದ ಸಣ್ಣ ಟೆಂಪೊ ಈಗ ನನ್ನ ಹೆಸರಿನಲ್ಲಿದೆ. ಗೋವಿನಜೋಳ, ಹತ್ತಿ, ಬೀಜ, ಗೊಬ್ಬರ, ಯಾರ ಬಾಡಿಗೆ ಬಂದರೂ ಹೋಗುತ್ತದೆ. ಎಂಟು ವರ್ಷದಿಂದ ಅದನ್ನು ಓಡಿಸುವವನು ಫಕ್ಕೀರಪ್ಪ. ಪಕ್ಕದ ಸೀಟಿನಲ್ಲಿ ನಾನು ಕೂಡುತ್ತೇನೆ. ಕೂಡಬೇಕೆಂದು ಏನೂ ಇಲ್ಲ. ಮನೆಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಇದ್ದಾರೆ. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಆದರೆ ಮುಂಜಾನೆಯಿಂದ ಸಂಜೆಯವರೆಗೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಟೆಂಪೊದಲ್ಲಿ ಕೇಳುವವನು ಒಬ್ಬನಿದ್ದಾನೆ. "ಅವ್ವಾರ, ಎಡಕ್ಕ ಏನರ ಬರಾಕತ್ತೈತೇನ್ರಿ?" ಎನ್ನುತ್ತಾನೆ. ನಾನು ನೋಡಿ ಹೇಳುತ್ತೇನೆ. ಮಳೆಗಾಲದಲ್ಲಿ ಗಾಜಿನ ಒಳಮೈಗೆ ಉಸಿರು ಹಿಡಿದು ಮಂಜಾದರೆ ಅರಿವೆಯಿಂದ ಒರೆಸುವುದೂ ನನ್ನ ಕೆಲಸ.

ನಮ್ಮ ಟೆಂಪೊ ಹಳೆಯದು, ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಅದಕ್ಕೆ ಎಫ್.ಸಿ. ಅನ್ನುತ್ತಾರೆ. ಅದಿಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ. ತಪಾಸಣೆಯವರು ಊರೂರಿಗೆ ಬಂದು ಕ್ಯಾಂಪು ಹಾಕುತ್ತಾರೆ. ನಮ್ಮೂರಿನ ಕ್ಯಾಂಪಿನ ದಿನ ಮೊಮ್ಮಗನ ಜ್ವರದಲ್ಲಿ ತಪ್ಪಿಹೋಯಿತು. ಮುಂದಿನದು ಸವಣೂರಿನಲ್ಲಿ ಎಂದರು. ಹಾನಗಲ್ಲಿಗೆ ಬೀಜದ ಚೀಲಗಳ ಬಾಡಿಗೆಯೂ ಬಂದಿತ್ತು. ಹಾನಗಲ್ಲಿನಲ್ಲಿ ಚೀಲ ಇಳಿಸಿ, ಶಿಗ್ಗಾವಿಯಲ್ಲಿ ಫಕ್ಕೀರಪ್ಪನ ಮಗಳ ಮನೆಯಲ್ಲಿ ವಸ್ತಿ ಮಾಡಿ, ಮರುದಿನ ಸವಣೂರು ಎಂದು ಗೊತ್ತುಮಾಡಿಕೊಂಡು ಹೊರಟೆವು. ಬುತ್ತಿಗೆ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆ. ಜಿಟಿಜಿಟಿ ಮಳೆ ಇತ್ತು.

ಚಿಕ್ಕೇರೂರು ದಾಟಿದ ಮೇಲೆ ಫಕ್ಕೀರಪ್ಪ ಬಾಯಿ ಬಿಟ್ಟ.

"ಅವ್ವಾರ, ಒಂದ್ ಮಾತ್ ಹೇಳಬೇಕಾಗಿತ್ರಿ. ಶಿಗ್ಗಾಂವ್ಯಾಗ ಒಂದ್ ಸಾಲಿ ಬಸ್ಸಿಗೆ ಡ್ರೈವರ್ ಬೇಕಾಗ್ಯಾನ. ಮಗಳ ಮನಿ ಹತ್ತೀರನ ಐತ್ರಿ. ಗಾಡಿ ನೋಡ್ಕೊಳ್ಳೋ ಶೆಟ್ಟರು ಇವತ್ ಸಂಜಿಗೆ ಬರ್ತೇನಿ ಅಂದಾರ."

"ಇಲ್ಲಿ ಏನ್ ಕಡಿಮಿ ಆಗೇತಿ ನಿನಗ?"

"ಕಡಿಮಿ ಏನಿಲ್ರಿ. ಅಲ್ಲಿ ಬೆನ್ನ ಮ್ಯಾಲ ಚೀಲಾ ಹೊರೋದಿಲ್ಲ ನೋಡ್ರಿ. ಬೆನ್ನ ಕೇಳವಲ್ದು."

"ಯಾವಾಗಿಂದ?"

"ಎರಡ್ ವರ್ಷ ಆತ್ರಿ."

"ನನಗ ಹೇಳಲೇ ಇಲ್ಲ."

"ನೀವು ಕೇಳಲಿಲ್ರಿ," ಎಂದ. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ನಾನು ಹೊರಗಿನ ಹೊಲ ನೋಡುತ್ತ ಕೂತೆ. ಗೋವಿನಜೋಳ ಮೊಳಕಾಲೆತ್ತರ ಬಂದಿತ್ತು.

ಅಕ್ಕಿಆಲೂರಿನ ಹತ್ತಿರ ಮುಂದೆ ಒಂದು ಲಾರಿ ಹೋಗುತ್ತಿತ್ತು. ಅದರ ಗಾಲಿಯಿಂದ ಎದ್ದ ಕೆಸರು ಒಮ್ಮೆಗೇ ನಮ್ಮ ಗಾಜಿನ ತುಂಬ ಬಡಿಯಿತು. ಮಳೆ ಆಗಷ್ಟೇ ನಿಂತಿತ್ತು, ತೊಳೆಯಲು ಮೇಲಿನ ನೀರೂ ಇಲ್ಲ. ಫಕ್ಕೀರಪ್ಪ ನೀರು ಚಿಮ್ಮುವ ಗುಂಡಿ ಒತ್ತಿದ. ಒಳಗೆ ಗುಂಯ್ ಎಂದಿತು, ನೀರು ಬರಲಿಲ್ಲ. ವೈಪರಿನ ಎರಡು ಕೈಗಳು ಒಣಗಾಜಿನ ಮೇಲೆ ಕೆಸರನ್ನು ಸಾರಿಸಿದಂತೆ ಹರಡಿದವು. ಅಂಗಳ ಸಾರಿಸಿದ ಹಾಗೆ ಕಾಣುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಬ್ರೇಕ್ ತುಳಿದ. ಗಾಡಿ ನಿಂತಾಗ ಮುಂದೆ ಮಾರು ದೂರದಲ್ಲಿ ಕುರಿ ಹಿಂಡು.

ಕುರಿ ಕಾಯುವವ ಕೋಲು ಎತ್ತಿಕೊಂಡು ಬಂದ. "ಕಣ್ಣ ಮನ್ಯಾಗ ಇಟ್ಟ್ ಬಂದೀಯೇನೋ?"

"ಕಣ್ಣ ಅದಾವೋ ಮಾರಾಯ. ಗಾಜಿಗೆ ಇಲ್ಲ," ಎಂದ ಫಕ್ಕೀರಪ್ಪ. ನಾವು ಕುಡಿಯಲು ಒಯ್ದಿದ್ದ ನೀರು ಸುರಿದು ಗಾಜು ತೊಳೆದು ಮುಂದೆ ನಡೆದೆವು.

ಹಾನಗಲ್ಲಿನಲ್ಲಿ ಚೀಲ ಇಳಿಸಿ, ಗಾಡಿಗಳ ವೈರಿಂಗ್ ಮಾಡುವ ಇಮಾಮಸಾಬ ಎಂಬವನ ಅಂಗಡಿಗೆ ಹೋದೆವು. ನನ್ನ ವಯಸ್ಸಿನವನೇ. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದ. ನನಗೆ ಸ್ಟೂಲು ಕೊಟ್ಟು, ಚಹಾ ತರಿಸಿ, ಬಿಚ್ಚುತ್ತ ಬಿಚ್ಚುತ್ತ ಹೇಳಿದ. ಇಷ್ಟು ವರ್ಷ ಆ ಗಾಜಿನ ಹಿಂದೆ ಕೂತವಳಿಗೆ ಅಂದು ತಿಳಿಯಿತು.

ಗಾಜಿನ ಬುಡಕ್ಕೆ ಒಳಗಡೆ ಒಂದು ಮೋಟಾರು ಇದೆ. ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ಆ ತಿರುಗುವುದನ್ನು ಕಬ್ಬಿಣದ ಸರಳುಗಳು ಆಚೆ ಈಚೆ ಆಡುವುದನ್ನಾಗಿ ಮಾಡುತ್ತವೆ. ಕಾಲಿನಿಂದ ತುಳಿಯುವ ಹೊಲಿಗೆ ಮಷಿನ್ನಿನಲ್ಲಿ ತುಳಿತ ಹೋಗಿ ಗಾಲಿಯ ತಿರುಗಾಟ ಆಗುತ್ತದೆಯಲ್ಲ, ಇಲ್ಲಿ ಅದು ಉಲ್ಟಾ. ಸರಳಿನ ತುದಿಗೆ ಕೈ, ಕೈಗೆ ರಬ್ಬರು, ರಬ್ಬರನ್ನು ಗಾಜಿಗೆ ಅದುಮಿ ಹಿಡಿಯಲು ಒಂದು ಸ್ಪ್ರಿಂಗು. ನೀರಿನದು ಬೇರೆ ದಾರಿ. ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ, ಅದರ ಬುಡಕ್ಕೆ ಹೆಬ್ಬೆರಳಿನಷ್ಟು ಮೋಟಾರು, ಅಲ್ಲಿಂದ ತೆಳ್ಳನೆಯ ಪೈಪು, ಗಾಜಿನ ಕೆಳಗೆ ಸೂಜಿ ಹೋಗುವಷ್ಟು ಎರಡು ತೂತು.

"ಮೋಟಾರ್ ಗುಂಯ್ ಅಂತೈತಿ ಅಂದ್ರ ಕರೆಂಟ್ ಬರಾಕತ್ತೈತಿ," ಎಂದು ಇಮಾಮಸಾಬ ತೂತಿನ ಹತ್ತಿರದ ಪೈಪು ಕಿತ್ತ. ಗುಂಡಿ ಒತ್ತಿದರೆ ಅಲ್ಲಿಯೂ ನೀರಿಲ್ಲ. ಡಬ್ಬಿಯ ಬುಡದಲ್ಲಿ ಕಿತ್ತ. ಸೀಮೆಸುಣ್ಣ ನೆನೆಸಿದಂಥ ಬಿಳಿ ಲೋಳೆ ಇಳಿಯಿತು. ಬೆರಳಿಗೆ ಹಚ್ಚಿ ಮೂಸಿದ.

"ಏನ್ ಹಾಕೀರಿ ಇದಕ್ಕ? ಹುಳಿ ನಾತ ಹೊಡಿತೈತಿ."

ನನಗೆ ಮೂಸುವುದು ಬೇಕಾಗಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ನಮ್ಮ ಕಡೆ ಗಾಡಿಗೆ ಪೂಜೆ ಮಾಡಿ ಕಾಯಿ ಒಡೆಯುತ್ತೇವೆ. ಕಾಯಿಯ ನೀರನ್ನು ಎಲ್ಲರೂ ಗಾಲಿಗೆ ಚೆಲ್ಲುತ್ತಾರೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಹೋದ ವರ್ಷ ಏನು ತಿಳಿಯಿತೋ, ಗಾಡಿಗೆ ಕಣ್ಣು ಅಂದರೆ ಗಾಜು, ದೇವರ ನೀರು ಕಣ್ಣಿಗೆ ಹೋಗಲಿ ಎಂದು ಆ ಡಬ್ಬಿಯ ಮುಚ್ಚಳ ತೆಗೆದು ಸುರಿಯತೊಡಗಿದೆ. ಫಕ್ಕೀರಪ್ಪ ಆ ಹೊತ್ತಿಗೆ ಹಿಂದಿನ ಗಾಲಿಗೆ ನಿಂಬೆಹಣ್ಣು ಇಡುತ್ತಿರುತ್ತಿದ್ದ. ಅವನಿಗೆ ಗೊತ್ತಿಲ್ಲ. ಯಾರಿಗೂ ಹೇಳಿರಲಿಲ್ಲ, ಹೇಳುವಂಥ ದೊಡ್ಡ ಕೆಲಸ ಎಂದು ನನಗೆ ಅನಿಸಿರಲಿಲ್ಲ.

"ನಾ ಬೋರಿನ ನೀರ ಬಿಟ್ರ ಬ್ಯಾರೆ ಏನೂ ಹಾಕಿಲ್ಲ," ಎಂದ ಫಕ್ಕೀರಪ್ಪ.

"ಎಂಟ್ ವರ್ಷ ಗಾಡಿ ಹೊಡದೀಯಂತಿ. ಡಬ್ಬ್ಯಾಗ ಏನೈತಿ ಅಂತ ಇಣುಕಿ ನೋಡಾಕ ಆಗಲಿಲ್ಲೇನು ನಿನಗ? ಹಿಂಗಾದ್ರ ಕುರಿ ಏನ್, ಮನಷಾರು ಸಾಯ್ತಾರ."

ಫಕ್ಕೀರಪ್ಪ ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ನೋಡಿಲ್ಲಂದ್ರ ತಪ್ಪ ನಂದ ಬಿಡ್ರಿ," ಎಂದ.

ಆಗಲೇ ಹೇಳಬೇಕಾಗಿತ್ತು. ಹೇಳಿದ್ದರೆ ಇಬ್ಬರೂ ನಕ್ಕು ಬಿಡುತ್ತಿದ್ದರು. ಮುದುಕಿಯ ತಲೆ ಎಂದು ನಗುವುದು ನನಗೆ ಬೇಡವಾಗಿತ್ತು. ಇಮಾಮಸಾಬ ಡಬ್ಬಿಗೆ ಬಿಸಿನೀರು ಹಾಕಿ ಕುಲುಕಿ, ಪೈಪಿಗೆ ಗಾಳಿ ಹೊಡೆದು, ತೂತು ಚುಚ್ಚಲು ಪಿನ್ನು ಕೇಳಿದ. ಸೆರಗಿನ ಪಿನ್ನು ತೆಗೆದುಕೊಟ್ಟೆ. ಮೂರನೆಯ ಸಲಕ್ಕೆ ನೀರು ಚಿಮ್ಮಿತು.

ಬಂಕಾಪುರದ ಮೇಲೆ ಹಾದು ಶಿಗ್ಗಾವಿ ಮುಟ್ಟಿದಾಗ ಇನ್ನೂ ಹೊತ್ತಿತ್ತು. ಫಕ್ಕೀರಪ್ಪನ ಮಗಳು ರೇಣುಕಾ ಕಾಲಿಗೆ ನೀರು ಕೊಟ್ಟು, ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು. "ಅಪ್ಪ ಇಲ್ಲೇ ಬಂದ್ರ ನನಗೂ ಒಂದ್ ಆಸರ ನೋಡ್ರಿ ಆಯಿ," ಎಂದಳು. ನಾನು ರೊಟ್ಟಿ ಮುರಿದೆ.

ಶೆಟ್ಟರು ಬಂದು ಕಟ್ಟೆಯ ಮೇಲೆ ಕೂತರು. ಐವತ್ತರ ಆಸುಪಾಸು, ಶರ್ಟಿನ ಜೇಬಿನಲ್ಲಿ ಎರಡು ಪೆನ್ನು. "ನಮ್ಮ ಸಾಲ್ಯಾಗ ದಿನಾ ಮುಂಜಾನೆ ಬಸ್ ತೆಗಿಯೂಕಿಂತ ಮೊದಲ ವೈಪರ್, ನೀರು, ಲೈಟು, ಬ್ರೇಕು ನೋಡಿ ಬುಕ್ಕಿನ್ಯಾಗ ಸಹಿ ಮಾಡಬೇಕು. ಮೊದಲಿದ್ದಾಂವ ನೋಡಲಾರದ ಸಹಿ ಹೊಡಿತಿದ್ದ. ಅದಕ್ಕ ಬಿಡಿಸೇವಿ. ನಲವತ್ತ್ ಹುಡುಗ್ರು ಕುಂದರ್ತಾವ," ಎಂದರು.

ಫಕ್ಕೀರಪ್ಪ ಮುಚ್ಚಿಡುವವನಲ್ಲ. ಮುಂಜಾನೆ ಆದದ್ದನ್ನೆಲ್ಲ, ಕುರಿ ಹಿಂಡಿನಿಂದ ಲೋಳೆಯವರೆಗೆ, ತಾನೇ ಹೇಳಿದ. ಶೆಟ್ಟರು ಕೇಳಿ ನನ್ನ ಕಡೆ ತಿರುಗಿದರು.

"ಅವ್ವಾರ, ನೀವು ಹೇಳ್ರಿ. ಎಂಟ್ ವರ್ಷ ಇಟ್ಕೊಂಡೀರಿ. ಇಂವ ದಿನಾ ಗಾಡಿ ನೋಡ್ತಾನೋ ಇಲ್ಲೋ?"

"ನೋಡ್ತಿದ್ರ ಲೋಳಿ ಯಾಕ ಕಟ್ತಿತ್ರಿ?" ಎಂದೆ.

ಹಾನಗಲ್ಲಿನಲ್ಲಿ ನಾಚಿಕೆಯಿಂದ ಸುಮ್ಮನಿದ್ದೆ. ಇಲ್ಲಿ ನಾಚಿಕೆಯ ಮಾತಿಲ್ಲ. ಇವನು ಹೋದರೆ ಆ ಸೀಟಿನಲ್ಲಿ ನಾನು ಯಾರ ಪಕ್ಕ ಕೂಡಬೇಕು ಎಂದು ಲೆಕ್ಕ ಹಾಕಿಯೇ ಹೇಳಿದೆ. ಶೆಟ್ಟರು "ಫೋನ್ ಮಾಡ್ತೇನಿ" ಎಂದು ಎದ್ದುಹೋದರು. ರೇಣುಕಾ ನನಗೆ ಹೊದೆಯಲು ಮನೆಯಲ್ಲಿದ್ದ ಒಳ್ಳೆಯ ಕೌದಿಯನ್ನೇ ಕೊಟ್ಟಳು. ಯಾರೂ ಒಂದು ಬಿರುಸು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮುಂಜಾನೆ ಸವಣೂರು. ಬಿಸಿಲು ಬಿದ್ದಿತ್ತು. ಎಡಗಡೆಯ ರಬ್ಬರು ಹರಿದದ್ದನ್ನು ಫಕ್ಕೀರಪ್ಪ ಕಂಡುಹಿಡಿದು, ಪೇಟೆಯಲ್ಲಿ ಹೊಸದು ಕೊಂಡು ತಾನೇ ಹಾಕಿದ. ಬಯಲಿನಲ್ಲಿ ಟ್ರ್ಯಾಕ್ಟರು, ಆಟೊ, ಟೆಂಪೊ ಸಾಲಾಗಿ ನಿಂತಿದ್ದವು. ತಪಾಸಣೆ ಮಾಡುವವರಿಗೆ ನಮ್ಮ ಜನ ಬ್ರೇಕ್ ಇನ್ಸ್‌ಪೆಕ್ಟರ್ ಅನ್ನುತ್ತಾರೆ. ಬ್ರೇಕ್ ಒಂದೇ ನೋಡುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ನಮ್ಮ ಸರದಿ ಬಂದಾಗ ಲೈಟು, ಹಾರನ್ನು, ಬ್ರೇಕು ಮುಗಿಸಿ ಅವರು ಗಾಜಿನ ಮುಂದೆ ನಿಂತರು. ಬಿರುಕು ಇದೆಯೇ ಎಂದು ನೋಡಿದರು. ವೈಪರಿನ ಕೈ ಎತ್ತಿ ಬಿಟ್ಟು ಸ್ಪ್ರಿಂಗಿನ ಬಿಗಿ ನೋಡಿದರು. ರಬ್ಬರಿನ ಅಂಚಿನ ಮೇಲೆ ಉಗುರು ಎಳೆದರು.

"ನೀರ ಬಿಡು," ಎಂದರು.

ಫಕ್ಕೀರಪ್ಪ ಗುಂಡಿ ಒತ್ತಿದ. ಪಿನ್ನು ಚುಚ್ಚುವಾಗ ಒಂದು ತೂತಿನ ಮೂತಿ ಮೇಲಕ್ಕೆ ತಿರುಗಿತ್ತೋ ಏನೋ, ನೀರು ಗಾಜನ್ನು ಹಾರಿ ಹೋಗಿ ಆಚೆ ನಿಂತು ಕಾಗದ ಬರೆಯುತ್ತಿದ್ದ ಕಾರಕೂನನ ಮೇಲೆ ಬಿತ್ತು. ಸಾಲಿನಲ್ಲಿದ್ದವರೆಲ್ಲ ನಕ್ಕರು.

"ನೀರ ಗಾಜಿಗೆ ಬೀಳಬೇಕಪ್ಪ. ಅವಂದು ಮುಂಜಾನೆನ ಜಳಕ ಆಗೇತಿ," ಎಂದರು ಇನ್ಸ್‌ಪೆಕ್ಟರು.

ನಾನು ಇಳಿದು ಪಿನ್ನು ಕೊಟ್ಟೆ. ಫಕ್ಕೀರಪ್ಪ ಮೂತಿಯನ್ನು ಕೂದಲೆಳೆಯಷ್ಟು ಕೆಳಗೆ ತಿರುಗಿಸಿದ. ಈ ಸಲ ಎರಡೂ ಧಾರೆ ಗಾಜಿನ ನಡುವೆ, ರಬ್ಬರು ಒರೆಸುವ ಜಾಗದಲ್ಲೇ ಬಿದ್ದವು. ಇನ್ಸ್‌ಪೆಕ್ಟರು ವೈಪರನ್ನು ಮೊದಲು ನಿಧಾನ, ಆಮೇಲೆ ಜೋರು, ಎರಡೂ ಓಟ ಓಡಿಸಿದರು. ಡ್ರೈವರ್ ಸೀಟಿನಲ್ಲಿ ತಾವೇ ಕೂತು ಗೆರೆ ಬಿಡುತ್ತದೆಯೇ ಎಂದು ನೋಡಿದರು. ಸ್ವಿಚ್ ಆರಿಸಿದಾಗ ಕೈಗಳು ಎಲ್ಲೋ ನಡುವೆ ನಿಲ್ಲದೆ ಕೆಳಗೆ ಹೋಗಿ ಮಲಗಿದವು. "ಪಾಸ್," ಎಂದರು. ಇಳಿಯುವಾಗ ಫಕ್ಕೀರಪ್ಪನಿಗೆ, "ಗಾಡಿ ಚೊಲೊ ಇಟ್ಟೀ" ಎಂದರು. ಅವನು ನನ್ನ ಕಡೆ ನೋಡಲಿಲ್ಲ.

ಹಾವೇರಿಯ ಮೇಲೆ ವಾಪಸ್ ಬಂದೆವು. ನಡುವೆ ಅವನ ಫೋನು ಬಂತು. ರಸ್ತೆ ಬದಿಗೆ ನಿಲ್ಲಿಸಿ, ಕೇಳಿ, "ಆಗಲಿ ಬಿಡ್ರಿ" ಎಂದು ಇಟ್ಟ.

"ಶೆಟ್ಟರು ಬ್ಯಾಡ ಅಂದ್ರು. ಇನ್ನ ನಿಮ್ಮ ಕೂಡನ ಇರ್ತೇನ್ರಿ ಅವ್ವಾರ."

"ಚೊಲೊ ಆತು," ಎಂದೆ.

ಅಲ್ಲಿಂದ ಹಿರೇಕೆರೂರಿನವರೆಗೆ ಅವನು ಎಡಗಡೆ ಏನು ಬರುತ್ತಿದೆ ಎಂದು ಒಮ್ಮೆಯೂ ಕೇಳಲಿಲ್ಲ. ತಾನೇ ಬಗ್ಗಿ ನೋಡಿಕೊಂಡ. ನಾನು ಬೇಡಿದ್ದು ಸಿಕ್ಕಿತ್ತು, ಪಕ್ಕದಲ್ಲೇ ಕೂತಿತ್ತು, ಬಾಯಿ ಬಿಡುತ್ತಿರಲಿಲ್ಲ. ಮನೆಯ ಮುಂದೆ ಇಳಿಯುವಾಗ ಒಂದು ಕೈ ಬಾಗಿಲಿಗೆ, ಒಂದು ಕೈ ಬೆನ್ನಿಗೆ ಕೊಟ್ಟು ಇಳಿದ. ಎಂಟು ವರ್ಷ ಹಾಗೇ ಇಳಿಯುತ್ತಿದ್ದನೋ, ಎರಡು ವರ್ಷದಿಂದಲೋ, ನನಗೆ ಗೊತ್ತಿಲ್ಲ. ಒಳಗೆ ಹೋದರೆ ಮಗ ಟಿ.ವಿ.ಯಿಂದ ಕಣ್ಣು ತೆಗೆಯದೆ "ಪಾಸ್ ಆತೇನು?" ಎಂದ. ಆಯಿತು ಎಂದೆ. ಅಷ್ಟಕ್ಕೆ ನನ್ನ ಪ್ರವಾಸದ ಮಾತು ಮುಗಿಯಿತು.

ಮರುದಿನ ಮುಂಜಾನೆ ಹಾವೇರಿಗೆ ಹೋಗುವ ಮೊದಲ ಬಸ್ ಹತ್ತಿದೆ. ಆಧಾರ್ ತೋರಿಸಿದರೆ ಹೆಂಗಸರಿಗೆ ಸೊನ್ನೆಯ ಟಿಕೆಟ್ಟು. ಹಾವೇರಿಯಲ್ಲಿ ಬದಲಿಸಿ ಶಿಗ್ಗಾವಿಯಲ್ಲಿ ಇಳಿದು, ಕೇಳಿಕೊಂಡು ಶಾಲೆಗೆ ಹೋದೆ. ಮಕ್ಕಳನ್ನು ಇಳಿಸಿದ ಬಸ್ಸುಗಳ ಹತ್ತಿರ ಶೆಟ್ಟರು ಬುಕ್ಕು ಹಿಡಿದು ನಿಂತಿದ್ದರು.

"ಆ ಡಬ್ಬ್ಯಾಗ ಕಾಯಿ ನೀರ ಹಾಕಿದಾಕಿ ನಾನ್ರಿ," ಎಂದೆ. "ಅಮಾಸಿಗೊಮ್ಮೆ ಹಾಕೇನಿ. ಅವಗ ಗೊತ್ತಿಲ್ಲ. ಡಬ್ಬಿ ಯಾವಾಗ ನೋಡಿದ್ರೂ ತುಂಬೇ ಇರ್ತಿತ್ತು. ತುಂಬಿದ ಡಬ್ಬಿ ಮುಚ್ಚಳ ಯಾರ್ ತಗೀತಾರ?"

ಶೆಟ್ಟರು ಬುಕ್ಕು ಮುಚ್ಚಿದರು. "ಮೊನ್ನೆ ಕಟ್ಟಿ ಮ್ಯಾಲ ಕುಂತಾಗ ಯಾಕ ಹೇಳಲಿಲ್ರಿ?"

"ಹೇಳಿದ್ರ ಅಂವ ನಿಮ್ಮ ಕಡೆ ಬರ್ತಿದ್ದ."

ಅವರು ಜೇಬಿನಿಂದ ಫೋನು ತೆಗೆದರು. "ಫೋನ್ ಹಚ್ಚಲೇನ್ರಿ?" ಎಂದರು.

"ನಾ ಇಲ್ಲಿದ್ದಾಗನ ಹಚ್ಚರಿ. ನನಗೂ ಕೇಳಬೇಕು."

ದನಿ ಹೊರಗೆ ಬಿಟ್ಟು ಮಾತಾಡಿದರು. ಕಾಯಿ ನೀರಿನದನ್ನೂ ಹೇಳಿದರು, ಸೋಮವಾರದಿಂದ ಬಾ ಎಂದೂ ಹೇಳಿದರು. ಆಮೇಲೆ ಫಕ್ಕೀರಪ್ಪ ಹೇಳಿದ್ದು ನನಗೆ ಸ್ಪಷ್ಟ ಕೇಳಿತು.

"ಅವ್ವಾರನ್ನ ಒಂದ್ ಮಾತ್ ಕೇಳಿ ಬರ್ತೇನ್ರಿ."

"ಕೇಳೋದ್ ಬ್ಯಾಡ, ಹೂಂ ಅಂದಾರ ಅನ್ರಿ," ಎಂದು ಶೆಟ್ಟರಿಗೆ ಹೇಳಿ ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ.