ಮೂರನೆಯ ‘ಬೇಡ’

ಠಾಣೆ ಶಹರದ ಪಕ್ಕ, ಕಳವಾ ಎಂಬಲ್ಲಿನ ಒಂದು ಪುಟ್ಟ ಮನೆಯಲ್ಲಿ ದೇವರ ಪಟದ ಪಕ್ಕ ಒಂದು ಹಿತ್ತಾಳೆಯ ಸಮೋವರ್ ಇತ್ತು. ಚಹಾಕ್ಕೆ ನೀರು ಕಾಯಿಸುವ, ನಲ್ಲಿಯಿರುವ ಇರಾನಿ ಪಾತ್ರೆ. ಮುಂಡಪ್ಪ ೨೦೦೪ರಲ್ಲಿ ಅದನ್ನು ಹೆಗಲ ಬೈರಾಸಿನಲ್ಲಿ ಸುತ್ತಿ ಠಾಣೆಯಿಂದ ಲೋಕಲ್ ರೈಲು ಹತ್ತಿಸಿ ತಂದಿದ್ದರು.

ಉಡುಪಿ ಕಡೆಯ ಮುಂಡಪ್ಪ ಠಾಣೆಯ ಇರಾನಿ ಹೋಟೆಲಿನಲ್ಲಿ ಇಪ್ಪತ್ತಮೂರು ವರ್ಷ ಚಹಾ ಮಾಡಿದವರು. ಮಾಲೀಕ ಖುದಾದಾದ್ ಸೇಠ್ ಅಂಗಡಿ ಮುಚ್ಚಿ, ಇರಾನಿನ ಯಜ್ದ್ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟ ದಿನ, ಮುಂಡಪ್ಪ ಸಮೋವರ್ ಸವರಿ ಎಷ್ಟು ಚಂದ ಅಂದರು. “ತುಮ್ಹಾರಾ ಹೈ, ಲೇ ಜಾ” ಎಂದರು ಸೇಠ್, ನಿನ್ನದೇ, ಒಯ್ಯಿ ಅಂತ. ಮುಂಡಪ್ಪ ಆಗಲೇ ಎತ್ತಿಕೊಂಡರು. ಸೇಠರ ತಾಯಿ ತೊಡೆಯ ಮೇಲಿಟ್ಟುಕೊಂಡು ಇರಾನಿನಿಂದ ತಂದ ಪಾತ್ರೆ ಅದು.

ಮಗಳು ಅಶ್ಮಿತಾಗೆ ಆಗ ಹತ್ತು ವರ್ಷ. ಸೇಠ್ ಒದ್ದೆ ಬೆರಳಿನಿಂದ ಅಮೃತಶಿಲೆಯ ಮೇಜಿನ ಮೇಲೆ ಅವಳ ಹೆಸರನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಅವಳು ನೋಡುನೋಡುತ್ತಲೇ ಆರಿಹೋಗುತ್ತಿತ್ತು. ಆರಿದ ಆ ಅಕ್ಷರಗಳನ್ನು ಹುಡುಕಿಕೊಂಡು ಅವಳು ಕಲೀನಾದ ವಿಶ್ವವಿದ್ಯಾಲಯದಲ್ಲಿ ಫಾರಸಿ ಎಂ.ಎ. ಸೇರಿದಳು.

ಒಂದು ದಿನ ತರಗತಿಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನಿಂತಳು.

“ಪಪ್ಪಾ, ಇರಾನಿಗಳಲ್ಲಿ ಒಂದು ರಿವಾಜ್ ಇದೆ. ಯಾರಾದ್ರೂ ಚಂದ ಅಂದ್ರೆ, ‘ನಿಮ್ಮದೇ, ತಗೊಳ್ಳಿ’ ಅನ್ಬೇಕು. ಸಚ್ಚಿ ಕೊಡೋದಲ್ಲ, ಬರೀ ಮರ್ಯಾದೆಗೆ ಅನ್ನೋದು. ಎದುರಿನವರು ಬೇಡ ಅನ್ಬೇಕು.”

“ಎಷ್ಟು ಸಲ?”

“ಮೂರು. ಆಮೇಲೂ ತಗೊಳ್ಳಿ ಅಂದ್ರೆ ಮಾತ್ರ ನಮ್ಮದು.”

ಹೆಂಡತಿ ಅಕ್ಕು ಒಳಗಿನಿಂದ ನಕ್ಕರು. “ಇವರ ಬಾಯಲ್ಲಿ ಬೇಡ ಬಂದದ್ದುಂಟಾ? ನನ್ನನ್ನು ನೋಡ್ಲಿಕ್ಕೆ ಬಂದ ದಿನವೇ ಏಳು ಗೋಳಿಬಜೆ ತಿಂದವರು!”

ಮುಂಡಪ್ಪ ನಗಲಿಲ್ಲ. “ಆ ದಿನ ಹೊರಡುವಾಗ ನಾನು ತಿರುಗಿ ನೋಡಿದ್ದೆ ಮಗಾ. ಸೇಠ್ ಬಾಗಿಲಲ್ಲೇ ನಿಂತಿದ್ರು. ನನ್ನನ್ನು ಬಿಟ್ಟಿರ್ಲಿಕ್ಕೆ ಆಗದೆ ನಿಂತಿದ್ದಾರೆ ಅಂತ ತಿಳ್ಕೊಂಡೆ.”

ಅಂದೇ ಅವಳು ತಂದೆಯ ಪರವಾಗಿ ಫಾರಸಿಯಲ್ಲಿ ಪತ್ರ ಬರೆದಳು: ಸಮೋವರ್ ನಮಗೆ ಬೇಡ, ಹೇಗೆ ಕಳಿಸಲಿ? ಸೇಠ್ ಬರೆದುಕೊಟ್ಟಿದ್ದ ತಂಗಿಯ ವಿಳಾಸಕ್ಕೆ ಅದು ಹೋಯಿತು. ಎರಡು ತಿಂಗಳಿಗೆ ನಡುಗುವ ಕೈಯ ಉತ್ತರ ಬಂತು. ‘ಮುಂಡಪ್ಪಾ, ನಿನ್ನ ಯೋಗ್ಯತೆಗೆ ಅದು ಏನೂ ಅಲ್ಲ. ನಿನ್ನದೇ.’

“ಇದು ಒಂದು,” ಎಂದರು ಮುಂಡಪ್ಪ. “ಇನ್ನೊಂದು ಬರಿ.”

ಎರಡನೆಯ ಉತ್ತರದಲ್ಲೂ ಅದೇ ಮಾತು. ಕೊನೆಗೆ ಒಂದು ಸಾಲು ಹೆಚ್ಚು: ‘ನೀನು ಮಾಡುತ್ತಿದ್ದಂಥ ಚಹಾ ಇಲ್ಲಿ ಯಾರಿಗೂ ಬರುವುದಿಲ್ಲ.’ ಆ ಸಾಲನ್ನು ಮಗಳಿಂದ ಮತ್ತೆ ಮತ್ತೆ ಓದಿಸಿ ಕೇಳಿದರು.

ಮೂರನೆಯ ‘ಬೇಡ’ ಫೆಬ್ರವರಿಯಲ್ಲಿ ಹೋಯಿತು. ಗಣಪತಿ ಹಬ್ಬ ಮುಗಿಯಿತು, ದೀಪಾವಳಿ ಬಂತು; ಉತ್ತರ ಮಾತ್ರ ಬರಲಿಲ್ಲ. ಮುಂಡಪ್ಪ ಕೆಲಸದಿಂದ ಬಂದವರು ಮೊದಲು ಮೆಟ್ಟಿಲ ಕೆಳಗಿನ ಅಂಚೆ ಡಬ್ಬಿಯೊಳಗೆ ಕೈಹಾಕುತ್ತಾರೆ. ಸಮೋವರನ್ನು ಹುಣಸೆಹುಳಿಯಲ್ಲಿ ಬೆಳಗಿ, ಅದೇ ಬೈರಾಸಿನಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟಿದ್ದಾರೆ.

“ಹಬ್ಬ ಅಲ್ವಾ, ಇವತ್ತೊಂದು ದಿನ ಅದರಲ್ಲೇ ಚಹಾ ಮಾಡುವನಾ?” ಎಂದರು ಅಕ್ಕು.

“ಬೇಡ,” ಎಂದರು ಮುಂಡಪ್ಪ. “ಅದಿನ್ನೂ ಸೇಠರದ್ದು.”