ಎರಡು ಗಂಟೆಯ ಕ್ಲಾಸು

ನಮ್ಮೂರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಯಾರೂ ಮದುವೆ ಇಟ್ಟುಕೊಳ್ಳುತ್ತಿರಲಿಲ್ಲ, ಹೆಣ ಎತ್ತುತ್ತಿರಲಿಲ್ಲ, ಜಗಳ ಕೂಡ ಆಡುತ್ತಿರಲಿಲ್ಲ. ಅದು ಹಾಲು ಕರೆಯುವ ಹೊತ್ತು. ಅಸೋರ್ಸ್ ದ್ವೀಪಗಳಿಂದ ಕ್ಯಾಲಿಫೋರ್ನಿಯಾದ ಈ ಬಯಲಿಗೆ ಬಂದ ನಮ್ಮ ಅಜ್ಜಂದಿರು ಹಸು ಕಟ್ಟಿದರು. ಆಮೇಲೆ ಹಸುಗಳೇ ನಮ್ಮನ್ನು ಕಟ್ಟಿಹಾಕಿದವು. ಬೆಳಗಿನ ಜಾವ ಎರಡಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಅವುಗಳ ಮುಂದೆ ಹಾಜರಾಗಬೇಕು. ಕ್ರಿಸ್‌ಮಸ್ ಇರಲಿ, ಜ್ವರ ಇರಲಿ, ಕೆಚ್ಚಲಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ನನ್ನ ದೊಡ್ಡಮ್ಮನ ಮಗಳು ಫಿಲೊಮೀನ ಬೆಳೆದದ್ದು ಹೀಗೆ. ಮನೆಯಲ್ಲಿ ಎಲ್ಲರಿಗೂ ಮೆನ. ನನಗಿಂತ ಎರಡೇ ತಿಂಗಳು ದೊಡ್ಡವಳು, ಅಷ್ಟಕ್ಕೇ ಅಕ್ಕನ ಗತ್ತು. ದೊಡ್ಡಮ್ಮ ಬೇಗ ಹೋಗಿಬಿಟ್ಟಳು. ಅಲ್ಲಿಂದ ಮುಂದೆ ಕೊಟ್ಟಿಗೆಯಲ್ಲಿ ದೊಡ್ಡಪ್ಪ ಸೆರಫೀಂ ಒಂದು ಸಾಲು ಕರೆದರೆ ಎದುರು ಸಾಲು ಮೆನಳದು. ಮೊಣಕಾಲಿನ ತನಕ ರಬ್ಬರ್ ಬೂಟು, ಮೇಲೊಂದು ಹಳದಿ ಏಪ್ರನ್. ಆ ಏಪ್ರನ್ನಿನ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನ್ನ ಕಣ್ಣು ಒದ್ದೆಯಾಗುತ್ತದೆ. ಆಗ ಮಾತ್ರ ಕಾರಿನಲ್ಲಿ ಅವಳ ಪಕ್ಕ ಕೂರುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆ.

ಅವಳಿಗೆ ಡಾಕ್ಟರಾಗುವ ಆಸೆ ಹುಟ್ಟಿದ್ದು ನಮ್ಮ ಅಜ್ಜಿಯಿಂದ. ಊರ ಡಾಕ್ಟರಿಗೆ ಪೋರ್ಚುಗೀಸ್ ಬಾರದು, ಅಜ್ಜಿಗೆ ಇಂಗ್ಲಿಷ್ ಬಾರದು. ನಡುವೆ ಈ ಪುಟ್ಟ ದುಭಾಷಿ. ಅಜ್ಜಿ ಗೋಳಾಡಿದ್ದನ್ನು ಡಾಕ್ಟರಿಗೆ, ಡಾಕ್ಟರು ಗದರಿದ್ದನ್ನು ಅಜ್ಜಿಗೆ ಹೇಳಿ ಹೇಳಿ, "ಇವರಿಬ್ಬರ ಕೆಲಸವನ್ನೂ ನಾನೇ ಮಾಡ್ಬಹುದು ಕಣೇ ಒಡೀಲಿಯ" ಎಂದು ಒಂದು ದಿನ ನನ್ನ ಹತ್ತಿರ ಗುಟ್ಟು ಬಿಟ್ಟುಕೊಟ್ಟಳು.

ನಾವಿಬ್ಬರೂ ಮೊದಲು ಸೇರಿದ್ದು ಪಕ್ಕದ ಊರಿನ ಕಮ್ಯುನಿಟಿ ಕಾಲೇಜಿಗೆ. ಅಲ್ಲಿ ಎರಡು ವರ್ಷ ಓದಿ, ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ವರ್ಗವಾಗುವುದು ನಮ್ಮಂಥವರ ದಾರಿ. ಮೆನ ಅಲ್ಲಿ ಯಾವ ವಿಜ್ಞಾನ ತೆಗೆದುಕೊಂಡರೂ ಅದು ಬೆಳಗಿನದೇ. ಬೆಳಗಿನ ಜಾವದ ಕರಾವು ಮುಗಿಸಿ ಸೀದಾ ರಸಾಯನಶಾಸ್ತ್ರದ ಕ್ಲಾಸಿಗೆ ಬರುತ್ತಿದ್ದಳು, ತಲೆಯಲ್ಲಿ ಹುಲ್ಲುಕಡ್ಡಿ ಸಿಕ್ಕಿಕೊಂಡಿರುತ್ತಿತ್ತು. ಭೌತಶಾಸ್ತ್ರದ ಲ್ಯಾಬು ಮಧ್ಯಾಹ್ನವಿದ್ದ ಒಂದು ವರ್ಷ ಭೌತಶಾಸ್ತ್ರವನ್ನೇ ಮುಂದಕ್ಕೆ ಹಾಕಿದಳು.

ರಸಾಯನಶಾಸ್ತ್ರದ ಹಗೋಪಿಯನ್ ಮೇಷ್ಟ್ರಿಗೆ ಇವಳೆಂದರೆ ಪ್ರಾಣ. ಅದನ್ನು ಬೈಗುಳದಲ್ಲಿ ತೋರಿಸುತ್ತಿದ್ದರು. ಬೀಳ್ಕೊಡುವ ದಿನ ಇವಳನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡರು.

"ನೋಡಮ್ಮ, ಮೆಡಿಕಲ್ ಕಾಲೇಜಿನೋರು ನಮ್ಮ ಕಾಲೇಜಿನ ಅಂಕ ನೋಡಿ ಮೂಗು ಮುರೀತಾರೆ. ಸಣ್ಣ ಕೆರೇಲಿ ಈಜಿದ್ದಾಳೆ ಅಂತಾರೆ. ಅಲ್ಲಿಗೆ ಹೋದ ತಕ್ಷಣ ಬಯೋಕೆಮಿಸ್ಟ್ರಿ ತಗೋ. ಸುಲಭದ್ದು ತಗೊಂಡ್ಯೋ, ನಿನ್ನ ಅರ್ಜಿ ಕಸದ ಬುಟ್ಟಿಗೇ."

"ತಗೋತೀನಿ ಸಾರ್."

"ತಗೋತೀನಿ ಅಂತ ನನಗೆ ಹೇಳ್ಬೇಡ. ತಗೊಂಡು ಆಮೇಲೆ ಹೇಳು."

ಆಗಸ್ಟ್ ತಿಂಗಳಲ್ಲಿ ನಾವಿಬ್ಬರೂ ದೊಡ್ಡಪ್ಪನ ಹಳೇ ಪಿಕಪ್ ಹತ್ತಿ ಎರಡು ಗಂಟೆ ದೂರದ ವಿಶ್ವವಿದ್ಯಾಲಯಕ್ಕೆ ಹೋದೆವು. ನಾನು ಇತಿಹಾಸಕ್ಕೆ, ಅವಳು ಜೀವಶಾಸ್ತ್ರಕ್ಕೆ. ಇಬ್ಬರಿಗೂ ಒಂದೇ ಕೋಣೆ. ಅಮ್ಮ ಕಟ್ಟಿಕೊಟ್ಟ ಸಿಹಿ ಬ್ರೆಡ್ಡಿನ ಗಂಟನ್ನು ಕಿಟಕಿಯ ಮೇಲಿಟ್ಟು, ದಿನಕ್ಕೊಂದು ಚೂರು ಮುರಿದು ತಿನ್ನುತ್ತಾ ದೊಡ್ಡ ಮನುಷ್ಯರಾದೆವೆಂದು ಬೀಗಿದೆವು. ಅಂಥ ದಿನಗಳು ಮತ್ತೆ ಬರಲಿಲ್ಲ.

ಒಂದು ವಾರ ಕಳೆದ ಮೇಲೆ ಗೊತ್ತಾಯಿತು: ಇವಳು ಬಯೋಕೆಮಿಸ್ಟ್ರಿ ತೆಗೆದುಕೊಂಡೇ ಇಲ್ಲ. ಪ್ರಾಣಿಗಳ ಅಂಗರಚನೆ, ಸಂಖ್ಯಾಶಾಸ್ತ್ರ, ಇನ್ನೊಂದು ಯಾವುದೋ ಗಿಡಗಳ ಪಾಠ. ಅವಳಿಗೆ ಅವೆಲ್ಲ ನೀರು ಕುಡಿದಷ್ಟು ಸುಲಭ. ನನಗೆ ರೇಗಿತು.

"ಮೇಷ್ಟ್ರು ಅಷ್ಟು ಬಡ್ಕೊಂಡ್ರಲ್ಲೇ? ಬರೋ ಬೇಸಿಗೇಲಿ ಅರ್ಜಿ ಹಾಕ್ಬೇಕು. ಆ ಕ್ಲಾಸು ಇರೋದು ಈ ಸಲ ಮಾತ್ರ. ಈಗ ಬಿಟ್ರೆ ಅರ್ಜೀಲಿ ಏನು ತೋರಿಸ್ತೀಯ, ಹಸುವಿನ ಬಾಲಾನಾ?"

"ಹೊತ್ತು ಹೊಂದಲ್ಲ ಕಣೇ."

"ಯಾವ ಹೊತ್ತು?"

"ಅದು ಎರಡು ಗಂಟೆಗಿದೆ."

"ಇರ್ಲಿ. ಎರಡು ಗಂಟೆಗೆ ನಿನಗೇನು ಕೆಲ್ಸ?"

"ಹಾಲು ಕರೀಬೇಕಲ್ಲ," ಎಂದಳು ಮೆನ.

ಹೇಳಿದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಕಿಟಕಿಯಾಚೆ ನೋಡಿದೆ. ಹೊರಗೆ ಹುಲ್ಲಿನ ಮೇಲೆ ಹುಡುಗರು ಪ್ಲಾಸ್ಟಿಕ್ ತಟ್ಟೆ ಎಸೆದು ಹಿಡಿದು ಆಡುತ್ತಿದ್ದರು. ಹತ್ತು ಮೈಲಿ ಸುತ್ತ ಒಂದು ಹಸುವೂ ಇರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಾ ನಗುತ್ತಾ ಅವಳದು ಅಳುವಾಯಿತು.

"ಆ ಹೊತ್ತಿಗೆ ಕ್ಲಾಸು ಸೇರಿದ್ರೆ ಕೊಟ್ಟಿಗೇನ ಪೂರ್ತಿ ಬಿಟ್ಟ ಹಾಗೆ ಕಣೇ. ಖಾಲಿ ಇಟ್ಕೊಂಡಿದ್ರೆ ಏನೋ ಒಂದು ಧೈರ್ಯ, ಯಾವಾಗ ಬೇಕಾದ್ರೂ ಹೋಗ್ಬಹುದು ಅಂತ. ಅಪ್ಪ ಕರೆದ್ರೆ?"

"ಕರೆದ್ರಾ?"

"ಇಲ್ಲ."

ಬಯೋಕೆಮಿಸ್ಟ್ರಿ ಮೇಷ್ಟ್ರ ಸಹಿ ಇದ್ದರೆ ಇನ್ನೂ ಆ ಕ್ಲಾಸಿಗೆ ಸೇರಬಹುದಿತ್ತು, ಬರುವ ಸೋಮವಾರದವರೆಗೆ ಮಾತ್ರ. ಆದರೆ ಅಪ್ಪನನ್ನು ಕೇಳದೆ ಸೇರುವುದಿಲ್ಲ ಎಂದು ಹಠ ಹಿಡಿದಳು. ಫೋನಿನಲ್ಲಿ ಕೇಳುವ ಮಾತಲ್ಲವಂತೆ. ಶನಿವಾರ ಪಿಕಪ್ ಹತ್ತಿ ಊರಿಗೆ ಬಂದೆವು. ಮುಟ್ಟಿದಾಗ ಸರಿಯಾಗಿ ಕರಾವಿನ ಹೊತ್ತು.

ಕೊಟ್ಟಿಗೆಯೊಳಗೆ ಯಂತ್ರಗಳು ಎಂದಿನ ತಾಳದಲ್ಲಿ ಬಡಿಯುತ್ತಿದ್ದವು. ದೊಡ್ಡಪ್ಪ ತನ್ನ ಸಾಲಿನಲ್ಲಿದ್ದ. ಎದುರು ಸಾಲಿನಲ್ಲಿ ಮೀಸೆ ಹೊತ್ತ ಒಬ್ಬ ಮೆಕ್ಸಿಕನ್ ಆಳು. ಮೆನಳ ಹಳದಿ ಏಪ್ರನ್ ಅವನ ಹೊಟ್ಟೆಗೆ ಸಾಲದೆ ಅರ್ಧಕ್ಕೇ ನಿಂತಿತ್ತು. ಹಸುಗಳು ಮೆನಳನ್ನು ಒಮ್ಮೆ ನೋಡಿ ಮೇವಿಗೆ ಬಾಯಿ ಹಾಕಿದವು. ಅವಳ ಮುಖ ಬಾಡಿದ್ದನ್ನು ನಾನು ಕಂಡೆ.

"ಅಪ್ಪಾ," ಎಂದಳು, ಯಂತ್ರದ ಸದ್ದಿಗಿಂತ ಮೇಲೆ ದನಿ ಎತ್ತಿ. "ಎರಡು ಗಂಟೆಗೊಂದು ಕ್ಲಾಸಿದೆ. ಅದಿಲ್ದೆ ಡಾಕ್ಟರಾಗೋಕಾಗಲ್ಲ. ಸೇರ್ಲಾ?"

ದೊಡ್ಡಪ್ಪ ಕೈ ಒರೆಸಿಕೊಳ್ಳಲಿಲ್ಲ, ತಿರುಗಲೂ ಇಲ್ಲ. "ಇದನ್ನ ಕೇಳೋಕೆ ಇಷ್ಟು ಪೆಟ್ರೋಲ್ ಸುಟ್ಕೊಂಡು ಬಂದ್ಯಾ? ಹಸುಗಳು ಎರಡೇ ದಿನಕ್ಕೆ ನಿನ್ನ ಮರೆತ್ವು ಮಗಳೇ."

ಮೆನ ತುಟಿ ಕಚ್ಚಿಕೊಂಡಳು. ಈ ಮುದುಕನಿಗೆ ಒಂದು ಮೆತ್ತಗಿನ ಮಾತು ಆಡಲು ಬಾರದೇ ಎಂದು ನನಗೆ ಮೈ ಉರಿಯಿತು. ಅಷ್ಟರಲ್ಲಿ ಕೊನೆಯ ಹಸು ಕಾಲು ಝಾಡಿಸಿತು. ದೊಡ್ಡಪ್ಪ ಆ ಕಡೆ ನೋಡುತ್ತಲೇ ಕೂಗಿದ: "ಮೆನಾ! ಕಟ್ಟೇ ಅದರ ಕಾಲು!"

"ಬಂದೆ ಯಜಮಾನ್ರೇ!" ಎಂದು ಓಡಿದವನು ಮೀಸೆಯವನು.

ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನಿಂತೆವು. ಕಾಲು ಕಟ್ಟಿ ಬಂದು ಆ ಮನುಷ್ಯ ನಾಚಿಕೊಂಡು ಹೇಳಿದ: "ನನ್ನ ಹೆಸ್ರು ರೆಮಿಹಿಯೊ ಅಮ್ಮ. ಆದ್ರೆ ಯಜಮಾನ್ರ ಬಾಯಿಗೆ ಅದು ಬರೋದೇ ಇಲ್ಲ. ದಿನಾ ಎರಡು ಗಂಟೆಗೆ 'ಮೆನಾ, ಮೆನಾ' ಅಂತ ಕೂಗ್ತಾರೆ. ಮೊದಲೆರಡು ದಿನ ಹಿಂದೆ ತಿರುಗಿ ನೋಡ್ದೆ. ಯಾರೂ ಇರ್ಲಿಲ್ಲ. ಸರಿ, ನಾನೇ ಓ ಅಂತೀನಿ."

ದೊಡ್ಡಪ್ಪ ಕತ್ತಿನವರೆಗೂ ಕೆಂಪಾದ. "ಸಾಕು ನಿಲ್ಸೋ ನಿನ್ನ ಪುರಾಣ," ಎಂದು ಗದರಿ, ಈಗ ಮಗಳ ಕಡೆ ತಿರುಗಿದ. "ಹೋಗು, ಸೇರ್ಕೋ. ನಿನ್ನ ಜಾಗಕ್ಕೆ ಇವನಿದ್ದಾನೆ. ನನ್ನ ನಾಲಿಗೆಗೆ ಅಭ್ಯಾಸ ತಪ್ಪಿಲ್ಲ, ಅದಕ್ಕೆ ನೀನೇನು ಮಾಡ್ತೀಯ?"

ಸೋಮವಾರ ಬೆಳಿಗ್ಗೆ ಮೆನ ಬಯೋಕೆಮಿಸ್ಟ್ರಿ ಮೇಷ್ಟ್ರ ಕೋಣೆಯ ಮುಂದೆ ಎಲ್ಲರಿಗಿಂತ ಮೊದಲು ನಿಂತಿದ್ದಳು. ಸಹಿ ಸಿಕ್ಕಿತು. ಮೊದಲ ಪರೀಕ್ಷೆಯಲ್ಲಿ ಮುಗ್ಗರಿಸಿದಳು, ಕೊನೆಯದರಲ್ಲಿ ಕ್ಲಾಸಿಗೇ ಮೊದಲಾದಳು. ಹಗೋಪಿಯನ್ ಮೇಷ್ಟ್ರಿಗೆ ಫೋನ್ ಮಾಡಿ "ತಗೊಂಡೆ ಸಾರ್" ಎಂದಾಗ ಅವರು, "ಇಷ್ಟು ತಡವಾಗಿ ಹೇಳ್ತೀಯಲ್ಲ, ಬುದ್ಧಿ ಇದೆಯಾ?" ಎಂದು ಬೈದು ಮೂಗು ಸೀಟಿದರಂತೆ. ಮೆಡಿಕಲ್ ಕಾಲೇಜಿನ ಸಂದರ್ಶನದಲ್ಲಿ ಆ ಕ್ಲಾಸಿಗೆ ತಡವಾಗಿ ಸೇರಿದ್ದೇಕೆಂದು ಕೇಳಿದರು. ಇವಳು ಇದ್ದದ್ದನ್ನು ಇದ್ದಂತೆಯೇ ಹೇಳಿದಳು. ಅವರು ನಕ್ಕರು, ಸೀಟೂ ಕೊಟ್ಟರು.

ಅವಳು ಡಾಕ್ಟರಾದ ದಿನದ ಸಮಾರಂಭಕ್ಕೆ ನಾವು ಪಿಕಪ್ ತುಂಬ ಹೋಗಿದ್ದೆವು. ದೊಡ್ಡಪ್ಪನಿಗೆ ಮದುವೆಯ ಕಾಲದ ಕೋಟು, ಪಕ್ಕದಲ್ಲಿ ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ರೆಮಿಹಿಯೊ. ತುಂಬಿದ ಸಭೆ, ಪಿಸುಮಾತೂ ಇಲ್ಲ. ವೇದಿಕೆಯಿಂದ ಹೆಸರು ಬಂತು: ಫಿಲೊಮೀನ ಬೆಟನ್‌ಕೂರ್. ಕಪ್ಪು ನಿಲುವಂಗಿಯಲ್ಲಿ ಮೆನ ಎದ್ದು ನಡೆದಳು. ದೊಡ್ಡಪ್ಪನಿಗೆ ಏನಾಯಿತೋ, ಕೊಟ್ಟಿಗೆಯ ಗಂಟಲಿನಲ್ಲಿ ಕೂಗಿಬಿಟ್ಟ: "ಮೆನಾ!"

"ಬಂದೆ ಯಜಮಾನ್ರೇ!" ರೆಮಿಹಿಯೊ ಎದ್ದು ನಿಂತಿದ್ದ.

ಸಭೆಗೆ ಸಭೆಯೇ ಹಿಂದೆ ತಿರುಗಿತು. ವೇದಿಕೆಯ ನಡುವೆ ಮೆನ ನಿಂತುಬಿಟ್ಟಳು. ಅವಳಿಗೂ ಬಾಯಿಗೆ ಬಂದಿತ್ತಂತೆ 'ಬಂದೆ' ಎಂಬ ಮಾತು. ಆದರೆ ಅಷ್ಟರಲ್ಲಿ ಯಾರೋ ಅವಳ ಕೈ ಕುಲುಕಿ "ಡಾಕ್ಟರ್" ಎಂದರು. ಇಲ್ಲಿ ದೊಡ್ಡಪ್ಪ ರೆಮಿಹಿಯೊನ ತೋಳು ಹಿಡಿದು ಕೂರಿಸುತ್ತಿದ್ದ.

"ಕೂತ್ಕೊಳೋ ರೆಮಿಹಿಯೊ," ಎಂದ, ಕಣ್ಣೊರೆಸಿಕೊಳ್ಳುತ್ತಾ. "ಅವಳನ್ನ ಕರೆದದ್ದು."